ಉಡಿ ತುಂಬಿದ ಗಡ್ಡೆ

ಕುಲ್ಲು
12 ಜುಲೈ 2023

ಅಪ್ಪನಿಗೆ ಮಲ್ಲಿಕಾಳ ನಮಸ್ಕಾರ.

ನೀನು ಹೇಳಿದ ಮೂರು ತಿಂಗಳು ಮೊನ್ನೆ ಸೋಮವಾರಕ್ಕೆ ಮುಗಿದವು. ನಾನು ಇನ್ನೂ ಇಲ್ಲೇ ಇದ್ದೇನೆ. ಅದನ್ನು ತಿಳಿಸುವುದಕ್ಕೇ ಈ ಕಾಗದ.

ನಾನು ಫೋನ್ ಮಾಡಿದಾಗಲೆಲ್ಲ ನೀನು ಎದ್ದು ದನದ ಕೊಟ್ಟಿಗೆಗೆ ಹೋಗುತ್ತೀಯಂತೆ. "ನಿನ್ನ ದನಿ ಕಿವಿಗೆ ಹಾಕ್ಕೊಳ್ಳಂಗಿಲ್ಲ ಅಂತ ಆಣಿ ಮಾಡ್ಯಾನ, ನಾ ಏನ್ ಮಾಡ್ಲಿ?" ಎಂದಳು ಅವ್ವ. ದನಿ ಕೇಳುವುದಿಲ್ಲ ಎಂದು ಆಣೆ ಮಾಡಿದ್ದೀಯ, ಅಕ್ಷರ ಓದುವುದಿಲ್ಲ ಎಂದು ಮಾಡಿಲ್ಲವಲ್ಲ.

ನಾನು ಹೊರಟ ದಿನ ಅವ್ವ ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಪ್ಪಸದ ಖಣ ಎಲ್ಲ ಇಟ್ಟುಕೊಂಡು ಉಡಿ ತುಂಬಲು ನಿಂತಿದ್ದಳು. ನಾನು ದುಪಟ್ಟಾ ಒಡ್ಡಿ ನಿಂತಿದ್ದೆ. ನೀನು ಬಾಗಿಲಲ್ಲಿ ಅಡ್ಡ ನಿಂತೆ. "ಉಡಿ ತುಂಬಬ್ಯಾಡ. ಮೂರು ತಿಂಗಳದಾಗ ಹೊಳ್ಳಿ ಬರೋ ಹುಡುಗಿಗೆ ಉಡಿ ಯಾಕ?" ಎಂದೆ. ನಮ್ಮ ಮನೆಯಿಂದ ಹೊರಟ ಹೆಣ್ಣುಮಕ್ಕಳಲ್ಲಿ ಬರಿಯ ಉಡಿಯಲ್ಲಿ ಹೊಸ್ತಿಲು ದಾಟಿದವಳು ನಾನೊಬ್ಬಳೇ. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ನೀನು ನನಗೆ ಗೊತ್ತು ಮಾಡಿದ ತಡಸದ ಮಹಾಂತೇಶ ಕೆಟ್ಟವನೆಂದು ನಾನು ಯಾವತ್ತೂ ಹೇಳಿಲ್ಲ. ಅವರ ಮನೆಯವರು ನರ್ಸ್ ಕೆಲಸ ಬಿಡಬೇಕು ಎಂದರು, ನಾನು ಬಿಡುವುದಿಲ್ಲ ಎಂದೆ. ನಡೆದದ್ದು ಇಷ್ಟೇ. ಇಲ್ಲಿನ ಗುಡ್ಡದ ಆಸ್ಪತ್ರೆಗೆ ಯಾರೂ ಬರಲು ಒಪ್ಪುವುದಿಲ್ಲ, ನಾನು ಒಪ್ಪಿದೆ.

ನೀನು ಅಂದು ಇನ್ನೊಂದು ಮಾತೂ ಆಡಿದೆ. "ನಮ್ಮ ಮಣ್ಣಾಗ ಹುಟ್ಟಿದ್ದು ಹಿಮದಾಗ ಬಾಳಂಗಿಲ್ಲ" ಎಂದೆ. ಹಾಗಾದರೆ ಹಿಮದಲ್ಲಿ ಹುಟ್ಟಿದ್ದು ನಮ್ಮ ಮಣ್ಣಿನಲ್ಲಿ ಬಾಳುತ್ತದೆಯೋ ಇಲ್ಲವೋ ನೋಡಿಯೇ ಬಿಡೋಣ. ಬಟ್ಟೆಯ ಚೀಲದಲ್ಲಿ ಐದು ಗಡ್ಡೆ ಕಳಿಸಿದ್ದೇನೆ. ಇಲ್ಲಿಯ ಗೋಧಿ ಹೊಲಗಳಲ್ಲಿ ಕಸದ ಹಾಗೆ ತಾನಾಗಿ ಬೆಳೆಯುವ ಟ್ಯುಲಿಪ್. ಚಳಿಗಾಲವೆಲ್ಲ ಹಿಮದ ಕೆಳಗೆ ಮಲಗಿದ್ದು, ಹಿಮ ಕರಗಿದ ಮೇಲೆ ಹೂ ಬಿಡುತ್ತದೆ. ನಾನು ಬಾಡಿಗೆಗೆ ಇರುವ ಮನೆಯ ಅಜ್ಜಿ ನೇಗಿಲಿಗೆ ಸಿಕ್ಕಿದ್ದನ್ನು ಆರಿಸಿ ಕೊಟ್ಟಳು.

ಬರುವ ಯುಗಾದಿಯೊಳಗೆ ನಿನ್ನ ಅಂಗಳದಲ್ಲಿ ಒಂದೇ ಒಂದು ಹೂ ಬಿಟ್ಟರೂ ನೀನು ತಡಸದ ಮಾತು ಎತ್ತಬಾರದು, ನೀನಾಗಿಯೇ ನನಗೆ ಫೋನ್ ಮಾಡಬೇಕು. ಬಿಡದಿದ್ದರೆ ಕೆಲಸ ಬಿಟ್ಟು ಬರುತ್ತೇನೆ, ನೀನು ತೋರಿಸಿದ ಮನೆಗೆ ಹೋಗುತ್ತೇನೆ. ಪಂಥದ ಗಡ್ಡೆಯನ್ನು ನಿನ್ನ ಕೈಗೇ ಕೊಡುತ್ತಿದ್ದೇನೆಂದು ನಗಬೇಡ. ತೂಕದಲ್ಲಿ ಒಂದು ಕಾಳು ಆಚೀಚೆ ಮಾಡಿದವನಲ್ಲ ನೀನು, ಅದು ನನಗೆ ಗೊತ್ತು.

ಧೈರ್ಯವಿದ್ದರೆ ಒಪ್ಪು.

ಮಲ್ಲಿಕಾ


ತಿಳವಳ್ಳಿ
2 ಆಗಸ್ಟ್ 2023

ಮಲ್ಲಿಕಾಗೆ.

ಕಾಗದ ಮುಟ್ಟಿತು, ಚೀಲವೂ ಮುಟ್ಟಿತು. ಮೇಲೆ ಆಶೀರ್ವಾದ ಬರೆದಿಲ್ಲ. ಮರೆತು ಬಿಟ್ಟದ್ದಲ್ಲ.

ಗಡ್ಡೆ ನೋಡಿದೆ. ಒಳ್ಳೆಯ ಬೆಳ್ಳುಳ್ಳಿಯ ಎಸಳಿನಷ್ಟೂ ಇಲ್ಲ. ಒಂದರ ಸಿಪ್ಪೆ ಉಗುರಿನಿಂದ ಎತ್ತಿದರೆ ಒಳಗೆ ಉಣ್ಣೆ! ನಿಮ್ಮ ಊರಿನ ಗಡ್ಡೆ ಸ್ವೆಟರ್ ಹಾಕಿಕೊಂಡೇ ಬಂದಿದೆ. ನಮ್ಮ ಹಾನಗಲ್ ಸೀಮೆಯ ಬಿಸಿಲಿಗೆ ಸ್ವೆಟರ್ ಹಾಕಿಕೊಂಡು ಬಂದವರ ಗತಿ ಏನಾಗುತ್ತದೆಂದು ನಾನು ಹೇಳಬೇಕಿಲ್ಲ.

ಪಂಥ ಒಪ್ಪಿದ್ದೇನೆ. ನನ್ನದೂ ಒಂದು ಶರತ್ತು. ಗಡ್ಡೆಯ ಸುದ್ದಿಯನ್ನು ನೀನು ಫೋನಿನಲ್ಲಿ ನಿನ್ನ ಅವ್ವನ ಜೊತೆ ಆಡಬಾರದು, ಫೋಟೋ ಕೇಳಬಾರದು. ಕಾಗದದಲ್ಲಿ ನಾನು ಬರೆದದ್ದೇ ಕೊನೆಯ ಮಾತು. ನಿನ್ನ ಅವ್ವ ಶಾರವ್ವನಿಗೂ ಹೇಳಿಯಾಗಿದೆ. ಅವಳು ಮುಖ ತಿರುವಿ ಹೋದಳು, ಅಂದರೆ ಒಪ್ಪಿದ್ದಾಳೆ.

ಈ ಗಡ್ಡೆಯನ್ನು ಕೊಲ್ಲಬೇಕೆಂದರೆ ಒಂದು ತಂಬಿಗೆ ಬಿಸಿನೀರು ಸಾಕು, ಯಾರಿಗೂ ತಿಳಿಯುವುದಿಲ್ಲ. ಆದರೆ ಮೂವತ್ತೈದು ವರ್ಷದಿಂದ ಶುಂಠಿ ಬೀಜ ಕಾಯ್ದಿಟ್ಟ ಕೈ ಇದು. ಬಿತ್ತನೆಗೆ ಅರ್ಧ ಊರು ನನ್ನ ಬೀಜವನ್ನೇ ಒಯ್ಯುತ್ತದೆ. ಕೈಗೆ ಬಂದ ಬೀಜವನ್ನು ನಾನು ಕೊಲ್ಲುವುದಿಲ್ಲ. ಅದು ತಾನಾಗಿ ಸಾಯುತ್ತದೆ, ನಾನು ನೋಡುತ್ತ ಕೂರುತ್ತೇನೆ. ಹೇಗೆ ಸಾಕಬೇಕೆಂದು ವಿವರವಾಗಿ ಬರೆ. ನಾಳೆ ಸೋತ ಮೇಲೆ ಅಪ್ಪ ನೀರು ಹೆಚ್ಚು ಹಾಕಿದ ಎಂದು ನೆಪ ಹೇಳಬಾರದು.

ಉಡಿಯ ಮಾತು ಎತ್ತಿದ್ದೀಯ. ಉಡಿ ತುಂಬುವುದು ಹೋಗುವವರಿಗೆ. ನೀನು ಹೋದವಳೆಂದು ನಾನು ಇನ್ನೂ ಒಪ್ಪಿಲ್ಲ.

ಹುಚ್ಚಪ್ಪ


ಕುಲ್ಲು
19 ಆಗಸ್ಟ್ 2023

ಅಪ್ಪನಿಗೆ ನಮಸ್ಕಾರ.

ಬೀಜ ಕಾಯುವವನಿಗೇ ಬೀಜ ಕಾಯುವುದನ್ನು ಹೇಳಿಕೊಡುವ ಯೋಗ ಬಂತಲ್ಲ, ಅದಕ್ಕೇ ಅರ್ಧ ಗೆದ್ದ ಹಾಗಾಯಿತು ನನಗೆ.

ಅಜ್ಜಿಯನ್ನು ಕೇಳಿ ಬರೆಯುತ್ತಿದ್ದೇನೆ. ಅವಳದು ಗುಡ್ಡದ ಮಾತು, ನನ್ನದು ಹರಕು ಹಿಂದಿ. ಉಳಿದದ್ದನ್ನು ಕೈಸನ್ನೆಯಲ್ಲಿ ತುಂಬಿಕೊಳ್ಳುತ್ತೇವೆ. ಗಡ್ಡೆ ಈಗ ನಿದ್ದೆಯಲ್ಲಿದೆ, ಅದಕ್ಕೆ ನೀರು ತೋರಿಸಲೇಬೇಡ. ಗಾಳಿಯಾಡುವ ಕಡೆ ಒಣಗಿಕೊಂಡಿರಲಿ. ಶೀಗಿ ಹುಣ್ಣಿಮೆಯ ದಿನ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಡು, ಮೇಲೆ ಬರ್ಫ ಆಗುವಲ್ಲಿ ಬೇಡ. ಎಳ್ಳಮಾವಾಸ್ಯೆಯ ತನಕ ಅಲ್ಲೇ ಇರಲಿ, ಅದೇ ಅದರ ಪಾಲಿನ ಹಿಮ. ಚಳಿ ಉಣ್ಣದೆ ಇದು ಹೂ ಬಿಡುವುದಿಲ್ಲ. ಆಮೇಲೆ ಮಣ್ಣಿಗೆ ಅರ್ಧಕ್ಕರ್ಧ ಹೊಳೆಯ ಮರಳು ಬೆರೆಸಿ, ಕುಂಡದಲ್ಲಿ ನಾಲ್ಕು ಬೆರಳು ಆಳಕ್ಕೆ ಹೂಳು. ಮುಂಜಾನೆಯ ಬಿಸಿಲು ಬೇಕು, ಮಧ್ಯಾಹ್ನದ್ದು ಬೇಡ.

ಫ್ರಿಜ್ಜಿನ ನೀರನ್ನೂ ಮುಟ್ಟುವುದಿಲ್ಲವಂತೆ ನೀನು, ಅದು ನಾನು ಕೊಡಿಸಿದ ಫ್ರಿಜ್ಜು ಎಂದು. ಈಗ ದಿನಕ್ಕೊಮ್ಮೆಯಾದರೂ ಅದರ ಬಾಗಿಲು ತೆಗೆಯಬೇಕಾಗುತ್ತದೆ. ಅಷ್ಟು ನನಗೆ ಸಾಕು.

ಮಲ್ಲಿಕಾ


ತಿಳವಳ್ಳಿ
1 ನವೆಂಬರ್ 2023

ಮಲ್ಲಿಕಾಗೆ.

ಹುಣ್ಣಿಮೆಯ ದಿನವೇ ಗಡ್ಡೆಗಳನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟಿದ್ದೇನೆ. ಹಬ್ಬ ಎಂದಿನಂತೆ ಆಯಿತು, ಹೊಲಕ್ಕೆ ಹೋಗಿ ಪೈರಿನ ನಡುವೆ ನೈವೇದ್ಯದ ಚರಗ ಚೆಲ್ಲಿ ಬಂದೆವು. ಬೇರೆ ವಿಶೇಷವೇನೂ ಇಲ್ಲ.

ಫ್ರಿಜ್ಜಿನ ಬಾಗಿಲು ತೆಗೆಯುವುದು ಗಡ್ಡೆಗಾಗಿ, ನಿನಗಾಗಿ ಅಲ್ಲ. ನೀರು ಈಗಲೂ ಮಣ್ಣಿನ ಬಿಂದಿಗೆಯದೇ.

ಹುಚ್ಚಪ್ಪ


ಕುಲ್ಲು
28 ಡಿಸೆಂಬರ್ 2023

ಅಪ್ಪನಿಗೆ ನಮಸ್ಕಾರ.

ಹಿಮ ಬಿದ್ದಿದೆ. ಚೆನ್ನಾಗಿದ್ದೇನೆ. ಕೆಲಸ ಬಹಳ, ಅದಕ್ಕೇ ನಾಲ್ಕೇ ಸಾಲು. ಚಳಿಗೆ ಅಕ್ಷರ ಸೊಟ್ಟಗಾಗಿವೆ. ಎಳ್ಳಮಾವಾಸ್ಯೆ ಹತ್ತಿರ ಬಂತು, ಮರಳು ತಂದಿಟ್ಟುಕೊ.

ಮಲ್ಲಿಕಾ


ತಿಳವಳ್ಳಿ
13 ಜನವರಿ 2024

ಮಲ್ಲಿಕಾಗೆ.

ನಿನ್ನ ಕಾಗದ ನೋಡಿದೆ. ಬಾಲವಾಡಿಯ ಮಕ್ಕಳು ಇದಕ್ಕಿಂತ ನೆಟ್ಟಗೆ ಬರೆಯುತ್ತಾರೆ. ಅಪ್ಪನಿಗೆ ಬರೆಯುವುದೆಂದರೆ ಕಾಲ ಮೇಲೆ ಕಾಗದ ಇಟ್ಟು ಗೀಚಿ ಎಸೆದರಾಯಿತು ಎಂದುಕೊಂಡಿದ್ದರೆ ಬರೆಯುವುದನ್ನೇ ಬಿಡು.

ಗಡ್ಡೆ ಮಣ್ಣು ಸೇರಿವೆ. ಮರಳನ್ನು ಮೂರು ಸಲ ತೊಳೆದು ಬೆರೆಸಿದೆ. ಕುಂಡವನ್ನು ಅಂಗಳದ ಮೂಡಣ ಮೂಲೆಯಲ್ಲಿ, ತುಳಸಿ ಕಟ್ಟೆಯ ಪಕ್ಕಕ್ಕೆ ಇಟ್ಟಿದ್ದೇನೆ.

ಮೊನ್ನೆ ಮಹಾಂತೇಶನ ಅಪ್ಪ ತಡಸದಿಂದ ಬಂದಿದ್ದ. ಪಂಥದ ಸುದ್ದಿ ಅಲ್ಲಿಯ ತನಕ ಮುಟ್ಟಿದೆ. ಕುಂಡದ ಮುಂದೆ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. "ಬರ್ಫದಾಗಿನ ಗಿಡ ನಿಮ್ಮ ಅಂಗಳದಾಗ ಹುಟ್ಟತೈತೇನ್ರಿ ಬೀಗರ? ಸುಮ್ನ ಅಕ್ಕಿಕಾಳಿನ ಮುಹೂರ್ತ ನೋಡಸ್ರಿ" ಎಂದ. ಅವನು ಹೇಳಿದ್ದು ನನ್ನ ಪರವಾಗಿಯೇ. ನಾನೂ ನಕ್ಕು ಸುಮ್ಮನಿರಬಹುದಾಗಿತ್ತು. ಯಾಕೋ ಸಿಟ್ಟು ನೆತ್ತಿಗೇರಿತು. "ಹುಟ್ಟೂದು ಬಿಡೂದು ನನಗೂ ಈ ಮಣ್ಣಿಗೂ ಬಿಟ್ಟಿದ್ದು. ನೀವು ಚಾ ಕುಡೀರಿ, ಆರತೈತಿ" ಎಂದೆ. ಅವನು ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಇದನ್ನು ನಿನಗೆ ಬರೆಯಬಾರದೆಂದುಕೊಂಡಿದ್ದೆ, ಬರೆದುಬಿಟ್ಟೆ. ತಲೆಗೇರಿಸಿಕೊಳ್ಳಬೇಡ.

ಹುಚ್ಚಪ್ಪ


ತಿಳವಳ್ಳಿ
16 ಫೆಬ್ರವರಿ 2024

ಮಲ್ಲಿಕಾಗೆ.

ಐದಕ್ಕೆ ಐದೂ ಮೂಗು ಹೊರಗೆ ಹಾಕಿವೆ.

ಬಳೆ ಅಂಗಡಿಯ ಅಖ್ತರುನ್ನೀಸಾ ಬಂದು ನೋಡಿ, "ಅಣ್ಣಾರ, ಹೊಲಾ ಇಟ್ಕೊಂಡು ಕುಂಡದಾಗ ಬೆಳ್ಳೊಳ್ಳಿ ಹಚ್ಚೀರೇನ್ರಿ?" ಎಂದಳು. ಎಲೆ ಸಣ್ಣಗಿದೆ, ಸ್ವಲ್ಪ ನೀಲಿ ಛಾಯೆ, ಅಂಚು ಕೆಂಪು. ನಮ್ಮ ಉಳ್ಳಾಗಡ್ಡಿ ಎಲೆಯ ಹಾಗೆ ಟೊಳ್ಳಲ್ಲ. ಕೋಳಿ ಕೆದರಬಾರದೆಂದು ಸುತ್ತ ಜಾಲಿಯ ಮುಳ್ಳು ಚುಚ್ಚಿದ್ದೇನೆ. ಹತ್ತು ಗಂಟೆಯಾದ ಮೇಲೆ ಬಿಸಿಲು ಚುರುಕಾಗುತ್ತದೆ, ಆಗ ನಾನೇ ಎತ್ತಿ ಕಟ್ಟೆಯ ನೆರಳಿಗೆ ಇಡುತ್ತೇನೆ. ಶಾರವ್ವನಿಗೆ ಮುಟ್ಟಲು ಬಿಟ್ಟಿಲ್ಲ. "ಮಗಳ್ನ ಹಿಂಗ ನೆರಳಿಗೆ ಎತ್ತಿಡಲಿಲ್ಲಲ್ಲ" ಎಂದು ಅವಳು ಅಂದದ್ದನ್ನು ನಾನು ಕೇಳಿಸಿಕೊಂಡಿಲ್ಲ.

ಎಲೆ ಬಂದರೆ ಹೂ ಬಂದ ಹಾಗಲ್ಲ, ಈಗಲೇ ಕುಣಿಯಬೇಡ.

ಹುಚ್ಚಪ್ಪ


ಕುಲ್ಲು
27 ಫೆಬ್ರವರಿ 2024

ಅಪ್ಪನಿಗೆ ನಮಸ್ಕಾರ.

ಕುಣಿದೆ! ಅಜ್ಜಿಯನ್ನೂ ಕೈಹಿಡಿದು ಕುಣಿಸಿದೆ. ನಿನ್ನ ಮುಳ್ಳು, ನಿನ್ನ ನೆರಳು, ನಿನ್ನ ಮರಳು! ಸೋಲಬೇಕೆಂದು ಇಷ್ಟು ಕಷ್ಟಪಡುವವನನ್ನು ನಾನು ಎಲ್ಲೂ ನೋಡಿಲ್ಲ ಅಪ್ಪಾ. ಫೋನನ್ನು ಚಾರ್ಜಿಗೆ ಹಾಕಿ ಇಟ್ಟುಕೊ.

ಮಲ್ಲಿಕಾ


ತಿಳವಳ್ಳಿ
22 ಮಾರ್ಚ್ 2024

ಮಲ್ಲಿಕಾಗೆ.

ಹೂ ಬರಲಿಲ್ಲ. ಎಲೆಗಳ ನಡುವೆ ಮೂರರಲ್ಲಿ ಮೊಗ್ಗಿನ ತುದಿ ಕಂಡಿತ್ತು. ಹೊರಗೆ ಬರುವ ಮುಂಚೆಯೇ ಸೀದ ಕಾಗದದ ಹಾಗೆ ಒಣಗಿದವು. ಉಳಿದ ಎರಡರಲ್ಲಿ ಮೊಗ್ಗೇ ಇಲ್ಲ. ಯುಗಾದಿಗೆ ಹದಿನೆಂಟು ದಿನ ಉಳಿದಿದೆ, ಆದರೆ ಇನ್ನು ಬರುವುದಿಲ್ಲ. ನೀನು ಸೋತೆ.

ಹುಚ್ಚಪ್ಪ


ಕುಲ್ಲು
30 ಮಾರ್ಚ್ 2024

ಅಪ್ಪಾ,

ಏನು ಹಾಕಿದೆ ಅದಕ್ಕೆ?

ಐದಕ್ಕೆ ಐದು ಚಿಗುರಿದ್ದು, ಎಲೆ ಬಿಟ್ಟದ್ದು, ಮೊಗ್ಗು ಕಟ್ಟಿದ್ದು ಏಕಾಏಕಿ ಸುಟ್ಟುಹೋಗುತ್ತದೆಯೇ? ಒಂದು ತಂಬಿಗೆ ಬಿಸಿನೀರು ಸಾಕು ಎಂದು ನೀನೇ ಬರೆದಿದ್ದೆ. ಕಾಗದ ನನ್ನ ಹತ್ತಿರ ಇದೆ. ಮಹಾಂತೇಶನ ಅಪ್ಪ ಮತ್ತೆ ಬಂದಿದ್ದನೇ? ಮಾತು ಕೊಟ್ಟವನು ನೀನು, ಮೊಗ್ಗು ಕಂಡು ಹೆದರಿದೆಯಾ?

ಇಲ್ಲಿ ಗೋಧಿ ಹೊಲದ ತುಂಬ ಅರಳಿ ನಿಂತಿವೆ. ದಿನಾ ಅವುಗಳ ನಡುವೆ ನಡೆದು ಕೆಲಸಕ್ಕೆ ಹೋಗುತ್ತೇನೆ. ಕಣ್ಣೆತ್ತಿ ನೋಡುವುದಿಲ್ಲ.

ಮಲ್ಲಿಕಾ


ತಿಳವಳ್ಳಿ
8 ಏಪ್ರಿಲ್ 2024

ನಾಳೆ ಯುಗಾದಿ. ಹಬ್ಬದ ಮುಂಚೆಯೇ ಒಳ್ಳೆಯ ಬೇವು ತಿನ್ನಿಸಿದೆ.

ಈ ಊರಲ್ಲಿ ಯಾರನ್ನಾದರೂ ಕೇಳು, ಹುಚ್ಚಪ್ಪನ ಕೈಗೆ ಕೊಟ್ಟ ಬೀಜ ಕೆಟ್ಟಿದೆಯೇ ಎಂದು. ನನ್ನ ಮೇಲೆ ಬಾಯಿಗೆ ಬಂದದ್ದೆಲ್ಲ ಅನ್ನು, ಮೊಂಡ ಅನ್ನು, ಕಲ್ಲೆದೆಯವನು ಅನ್ನು, ಕೇಳಿಕೊಳ್ಳುತ್ತೇನೆ. ಬೀಜ ಕೊಂದವನು ಎಂದು ಮಾತ್ರ ಅನ್ನಬೇಡ. ಅದನ್ನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಬರೆಯಬೇಕಾಯಿತೇ?

ಇನ್ನು ನಾನು ಬರೆಯುವುದಿಲ್ಲ.

ಹುಚ್ಚಪ್ಪ


ಕುಲ್ಲು
16 ಏಪ್ರಿಲ್ 2024

ಅಪ್ಪನಿಗೆ ನಮಸ್ಕಾರ.

ತಪ್ಪಾಯಿತು. ಸಿಟ್ಟಿನಲ್ಲಿ ಬರೆದೆ, ಅಂಚೆ ಡಬ್ಬಿಗೆ ಹಾಕಿ ಬರುವಷ್ಟರಲ್ಲೇ ಮರಳಿ ತೆಗೆಯುವಂತಿದ್ದರೆ ಎನಿಸಿತು. ನೀನು ಹಾಗೆ ಮಾಡುವವನಲ್ಲ.

ಅಜ್ಜಿಗೆ ಎಲ್ಲ ಹೇಳಿ ಕೇಳಿದೆ. ಮೊಗ್ಗು ಒಳಗೇ ಒಣಗಿದ್ದಕ್ಕೆ ಒಂದೇ ಕಾರಣ ಗೊತ್ತು ಅವಳಿಗೆ. ಸೇಬು ಇಡುವ ಕೋಣೆಯಲ್ಲಿ ಗಡ್ಡೆ ಇಟ್ಟರೆ ಹಾಗಾಗುತ್ತದಂತೆ. ಹಣ್ಣು ಮಾಗುವಾಗ ಬಿಡುವ ಗಾಳಿ ತಾಗಿದರೆ ಎಲೆ ಬರುತ್ತದೆ, ಒಳಗಿನ ಹೂ ಮಾತ್ರ ಸಾಯುತ್ತದಂತೆ. ಇಲ್ಲಿಯ ಮಕ್ಕಳಿಗೂ ಅದು ಗೊತ್ತು. ಅದಕ್ಕೇ ಮೊದಲೇ ಹೇಳಬೇಕೆಂದು ಅವಳಿಗೆ ತೋಚಲಿಲ್ಲ. ಆದರೆ ನಮ್ಮ ಮನೆಯಲ್ಲಿ ಸೇಬಿನ ಕೋಣೆ ಎಲ್ಲಿಂದ ಬರಬೇಕು? ಆದ್ದರಿಂದ ಇದು ಗಡ್ಡೆಯ ಸೋಲೇ. ಹಿಮದ್ದು ನಮ್ಮ ಮಣ್ಣಿನಲ್ಲಿ ಬಾಳಲಿಲ್ಲ. ನೀನು ಹೇಳಿದ್ದೇ ನಿಜವಾಯಿತು.

ಇನ್ನೊಂದನ್ನು ಮುಚ್ಚಿಟ್ಟಿದ್ದೆ. ಡಿಸೆಂಬರಿನಲ್ಲಿ ಹಿಮದ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದೆ. ಆ ಸೊಟ್ಟ ಅಕ್ಷರ ಎಡಗೈಯವು. ಆರು ವಾರ ಅಜ್ಜಿಯೇ ಜಡೆ ಹಾಕಿದಳು, ಅನ್ನ ಕಲಸಿ ಕೊಟ್ಟಳು. ಅವ್ವನಿಗೆ ಹೇಳಿದರೆ ನಿನಗೆ ತಿಳಿಯುತ್ತದೆ, ನೀನು "ನೋಡಿದ್ಯಾ?" ಎನ್ನುತ್ತೀಯೆಂದು ಹೇಳಲಿಲ್ಲ. ಆ ಆರು ವಾರ ನಾನು ಹಿಡಿದುಕೊಂಡದ್ದು ಒಂದನ್ನೇ, ಅಂಗಳದಲ್ಲಿ ಅಪ್ಪ ನನ್ನ ಗಡ್ಡೆ ಕಾಯುತ್ತಿದ್ದಾನೆ ಎಂಬುದನ್ನು.

ಮಾತು ಮಾತೇ. ಕೆಲಸ ಬಿಡುವುದಾಗಿ ಬಾಯಿಂದ ಹೇಳಿದ್ದೇನೆ, ಮೇ ಆರಕ್ಕೆ ಬರೆದು ಕೊಡುತ್ತೇನೆ. ಹತ್ತನೇ ತಾರೀಖಿನ ರೈಲಿಗೆ ಟಿಕೆಟ್ ಆಗಿದೆ. ತಡಸದವರಿಗೆ ತಿಳಿಸು.

ಮಲ್ಲಿಕಾ


ತಿಳವಳ್ಳಿ
26 ಏಪ್ರಿಲ್ 2024

ಮಲ್ಲಿಕಾಗೆ.

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ, ಮೇ ಆರರೊಳಗೆ ಮುಟ್ಟಬೇಕು. ನೀನು ಬರಬೇಡ. ರಾಜೀನಾಮೆ ಬರೆದಿದ್ದರೆ ಹರಿದು ಹಾಕು.

ಕೇಳು. ಶೀಗಿ ಹುಣ್ಣಿಮೆ ಎಂದಿನಂತೆ ಆಯಿತು ಎಂದು ಬರೆದಿದ್ದೆನಲ್ಲ, ಎಂದಿನಂತೆ ಆಗಿರಲಿಲ್ಲ. ಅಂದು ಹೊಲದಲ್ಲಿ ಬಸುರಿ ಭೂಮಿತಾಯಿಗೆ ಬಯಕೆಯ ಊಟ ಉಣಿಸಿ, ಉಡಿ ತುಂಬಿ, ಚರಗ ಚೆಲ್ಲಿ ಮನೆಗೆ ಬಂದೆವು. ಕೈಕಾಲು ತೊಳೆದು ಗಡ್ಡೆಗಳನ್ನು ಡಬ್ಬಿಗೆ ಹಾಕುವಾಗ ನನ್ನ ಮನಸ್ಸು ತಡೆಯಲಿಲ್ಲ. ಅವೂ ಹೊಟ್ಟೆಯಲ್ಲಿ ಹೂ ಹೊತ್ತುಕೊಂಡಿವೆ, ತವರು ಬಿಟ್ಟು ಇಷ್ಟು ದೂರ ಬಂದಿವೆ. ಶಾರವ್ವನನ್ನು ಕರೆದು, "ಹೊಲಕ್ಕ ತುಂಬಿದ್ವಿ. ಈ ಪರದೇಶಿ ಕೂಸುಗೋಳಿಗೆ ಯಾರು ತುಂಬೋರು? ಇವಕ್ಕೂ ಉಡಿ ತುಂಬು" ಎಂದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಅಕ್ಕಿ, ಎಲೆ ಅಡಿಕೆ, ಅರಿಷಿಣದ ಬೇರು, ಐದು ಬಾಳೆಹಣ್ಣು ಡಬ್ಬಿಯೊಳಗೆ ಇಟ್ಟಳು. ಮುಚ್ಚಳ ಹಾಕಿದವನು ನಾನೇ.

ಹೊಲಕ್ಕೆ ತುಂಬಿದ ಉಡಿಯನ್ನು ಮರಳಿ ತೆಗೆಯುವುದುಂಟೇ? ಎಳ್ಳಮಾವಾಸ್ಯೆಯ ತನಕ ಹಾಗೇ ಬಿಟ್ಟೆ. ದಿನಾ ಬಾಗಿಲು ತೆಗೆದು ಡಬ್ಬಿ ಮುಟ್ಟಿ ನೋಡುತ್ತಿದ್ದೆ, ಮುಚ್ಚಳ ಮಾತ್ರ ತೆಗೆಯಲಿಲ್ಲ. ತೆಗೆದಾಗ ಬಾಳೆಹಣ್ಣು ಕಪ್ಪಾಗಿ ಕೊಳೆತಿದ್ದವು, ಗಡ್ಡೆ ಗಟ್ಟಿಯಾಗಿದ್ದವು. ಒರೆಸಿ ನೆಟ್ಟೆ. ಇದನ್ನು ನಿನಗೆ ಬರೆಯಲು ನಾಚಿಕೆಯಾಯಿತು. ಮಗಳಿಗೆ ಉಡಿ ತುಂಬಬೇಡ ಎಂದವನು ಅವಳು ಕಳಿಸಿದ ಗಡ್ಡೆಗೆ ತುಂಬಿಸಿದ ಎಂದರೆ ನೀನು ನಗುತ್ತೀಯೆಂದುಕೊಂಡೆ. ಇಲ್ಲ, ಅಳುತ್ತೀಯೆಂದುಕೊಂಡೆ.

ನಿನ್ನ ಕಾಗದದಲ್ಲಿ ಸೇಬಿನ ಕೋಣೆಯ ಮಾತು ಓದಿದಾಗ ಆ ಐದು ಬಾಳೆಹಣ್ಣು ನೆನಪಾದವು, ಡಬ್ಬಿಯೊಳಗೆ ಮಾಗಿ ಅವು ಬಿಟ್ಟ ಗಾಳಿಯೇ ಹೂ ಕೊಂದಿತ್ತು. ಬೀಜ ಕೊಂದವನು ಎಂದು ನೀನು ಬರೆದದ್ದು ಸರಿಯಾಗಿಯೇ ಇತ್ತು. ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನೀನು ಬರುತ್ತಿದ್ದೆ, ಅಕ್ಕಿಕಾಳು ಬೀಳುತ್ತಿತ್ತು. ಅಂಥ ಗೆಲುವು ನನಗೆ ಬೇಡ.

ಮಾರನೆಯ ದಿನ ಬಸ್ಸು ಹತ್ತಿ ತಡಸಕ್ಕೆ ಹೋದೆ. "ನನ್ನ ಮಗಳು ಸೋತಿಲ್ರಿ, ಸೋತಾಂವ ನಾನು. ಆಕಿ ಅಲ್ಲೇ ಇರ್ತಾಳ, ಅಲ್ಲೇ ಕೆಲಸಾ ಮಾಡ್ತಾಳ. ನೀವು ಬ್ಯಾರೆ ಹೆಣ್ಣು ನೋಡ್ರಿ" ಎಂದೆ. ಮಹಾಂತೇಶನ ಅಪ್ಪ, "ಒಂದು ಹೂವಿನ ಗಡ್ಡಿ ಸಲುವಾಗಿ ಕೊಟ್ಟ ಮಾತು ಮುರೀತೀರೇನ್ರಿ?" ಎಂದ. "ಗಡ್ಡಿ ಸಲುವಾಗಿ ಅಲ್ರಿ, ಮಗಳ ಸಲುವಾಗಿ. ಬೇಕಾದ್ರ ಊರ ಮುಂದ ನಿಂತು ಹೇಳ್ತೇನಿ" ಎಂದೆ. ಕುಳಿತುಕೊಳ್ಳಿ ಎಂದೂ ಅನ್ನಲಿಲ್ಲ ಅವರು. ಬಸ್ ಸ್ಟ್ಯಾಂಡಿಗೆ ಬಂದು ಒಂದು ತಾಸು ಕಾದೆ, ಎರಡು ಚಹಾ ಕುಡಿದೆ. ಎಷ್ಟು ಹಗುರವಾಗಿದ್ದೆನೆಂದರೆ ನಿನಗೆ ಹೇಳಲಾರೆ.

ಫೋನ್ ಮಾತ್ರ ಮಾಡುವುದಿಲ್ಲ. ಹೂ ಬಂದರೆ ಫೋನ್ ಎಂದು ಪಂಥ, ಹೂ ಬಂದಿಲ್ಲ. ಗಡ್ಡೆ ಬದುಕಿವೆ. ಎಲೆ ಒಣಗಿದ ಮೇಲೆ ತೆಗೆದು ಒಣಗಿಸುತ್ತೇನೆ. ಈ ಸಲ ಯಾರ ವಿರುದ್ಧವೂ ಪಂಥವಿಲ್ಲ. ಹೂ ಬರುವುದಿಲ್ಲ ಎಂದವರಿಗೆಲ್ಲ ತೋರಿಸಬೇಕು, ಅಷ್ಟೇ. ಆ ಎಲ್ಲರಲ್ಲಿ ಮೊದಲನೆಯವನು ನಾನೇ.

ಕೈ ನೋಯುತ್ತದೆಯೇ? ಭಾರ ಎತ್ತಬೇಡ.

ಅಪ್ಪ


ಕುಲ್ಲು
4 ಮೇ 2024

ಅಪ್ಪಾ,

ಕಾಗದ ಬಂದಾಗ ಚೀಲ ಕಟ್ಟಿಟ್ಟಿದ್ದೆ. ಬಿಚ್ಚಿದೆ.

ನಕ್ಕೆ. ಆಮೇಲೆ ಅತ್ತೆ. ನೀನು ಎರಡೂ ಸರಿಯಾಗಿಯೇ ಊಹಿಸಿದ್ದೆ.

ನಿನ್ನ ಮಲ್ಲಿಕಾ


ತಿಳವಳ್ಳಿ
20 ಅಕ್ಟೋಬರ್ 2024

ಮಲ್ಲಿಕಾಗೆ.

ಐದು ಗಡ್ಡೆ ಏಳಾಗಿವೆ, ಮರಿ ಹಾಕಿವೆ. ಹುಣ್ಣಿಮೆಯ ದಿನ ಫ್ರಿಜ್ಜಿಗೆ ಹೋದವು. ಉಡಿ ಹೊಲಕ್ಕೆ ಮಾತ್ರ. ದೀಪಾವಳಿಗೆ ಬಾಳೆಗೊನೆ ತಂದರೆ ಅಖ್ತರುನ್ನೀಸಾಳ ಮನೆಯಲ್ಲಿಡುವುದೆಂದು ಮಾತಾಗಿದೆ. "ಅಣ್ಣಾರ ಮನ್ಯಾಗ ಬಾಳೆಹಣ್ಣಿಗೆ ಬಹಿಷ್ಕಾರ ಹಾಕ್ಯಾರ" ಎಂದು ಅವಳು ಊರೆಲ್ಲ ಸಾರಿ ಬಂದಿದ್ದಾಳೆ. ಸಾರಲಿ.

ಈಗ ಫ್ರಿಜ್ಜಿನ ನೀರು ಕುಡಿಯುತ್ತೇನೆ. ಹಲ್ಲು ಜುಮ್ಮೆನ್ನುತ್ತವೆ.

ಅಪ್ಪ


ತಿಳವಳ್ಳಿ
1 ಮಾರ್ಚ್ 2025

ನನ್ನ ಮಗಳು ಮಲ್ಲಿಕಾಗೆ ನೂರು ವರ್ಷ ಆಯುಷ್ಯವಿರಲಿ.

ಹೂ ಬಂತು.

ಒಂದೇ. ಶಿವರಾತ್ರಿಯ ಮಾರನೆಯ ದಿನ, ಒಂಬತ್ತು ಗಂಟೆ ಹೊತ್ತಿಗೆ. ಹೊರಗೆ ಕೆಂಪು ಪಟ್ಟಿ, ಒಳಗೆ ಹಾಲಿನ ಬಿಳುಪು, ನಡುವೆ ನೇರಳೆ ಕಣ್ಣು. ಬಿಸಿಲು ಬಿದ್ದರೆ ಅರಳುತ್ತದೆ, ನಾಲ್ಕು ಗಂಟೆಗೆ ಬಾಯಿ ಮುಚ್ಚಿಕೊಂಡು ಬಿಡುತ್ತದೆ. ಥೇಟ್ ನಿನ್ನ ಹಾಗೆ, ಬೇಕಾದಾಗ ಮಾತು, ಬೇಡವಾದಾಗ ಮೌನ. ಊರ ಅರ್ಧ ಮಂದಿ ಬಂದು ನೋಡಿ ಹೋದರು. ಬಂದವರಿಗೆಲ್ಲ ಒಂದೇ ಮಾತು ಹೇಳಿದೆ. "ದೂರ ನಿಂತು ನೋಡ್ರಿ, ಮುಟ್ಟಬ್ಯಾಡ್ರಿ. ನನ್ನ ಮಗಳು ಹಿಮದಾಗಿಂದ ಕಳಿಸಿದ್ದು. ಆಕಿ ಅಲ್ಲಿ ನರ್ಸ್ ಅದಾಳ." ಯಾರೋ, "ಲಗ್ನ ಯಾವಾಗ್ರಿ?" ಎಂದರು. "ಹೂವು ನೋಡಾಕ ಬಂದೀರಿ, ಹೂವು ನೋಡ್ರಿ" ಎಂದೆ.

ಹೂ ಬಂದರೆ ಫೋನ್ ಮಾಡಬೇಕೆಂದು ಪಂಥವಿತ್ತು. ಮಾಡುವುದಿಲ್ಲ. ಎರಡು ವರ್ಷದ ಮೇಲೆ ಕೇಳುವ ದನಿಯನ್ನು ಆ ಡಬ್ಬಿಯಿಂದ ಕೇಳುವುದಿಲ್ಲ ನಾನು, ಎದುರಿಗೆ ನಿಂತೇ ಕೇಳುತ್ತೇನೆ. ಹದಿನಾಲ್ಕನೇ ತಾರೀಖಿಗೆ ನಾನೂ ನಿನ್ನ ಅವ್ವನೂ ಹುಬ್ಬಳ್ಳಿಯಲ್ಲಿ ದಿಲ್ಲಿಯ ರೈಲು ಹತ್ತುತ್ತೇವೆ. ಅಲ್ಲಿಂದ ಮೇಲಕ್ಕೆ ಬಸ್ಸು. ಸ್ವೆಟರ್ ತೆಗೆದುಕೊಂಡಿದ್ದೇನೆ. ನಗಬೇಡ.

ಶಾರವ್ವ ಗಂಟು ಕಟ್ಟಿದ್ದಾಳೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ, ನಮ್ಮ ಹೊಲದ ಅರಿಷಿಣದ ಬೇರು. ಖಣ ಅಂದಿನದೇ, ಅವಳು ಪೆಟ್ಟಿಗೆಯಲ್ಲಿ ಹಾಗೇ ಮಡಚಿ ಇಟ್ಟಿದ್ದಳಂತೆ. ಬಾಳೆಹಣ್ಣು ನಾನು ತರುವುದಿಲ್ಲ, ಅವುಗಳ ಸಹವಾಸ ಸಾಕಾಗಿದೆ. ಅಜ್ಜಿಯ ಕೋಣೆಯಿಂದ ಐದು ಸೇಬು ಕೇಳಿ ಇಟ್ಟಿರು.

ಉಡಿ ತುಂಬುವುದು ಹೋಗುವವರಿಗೆ. ನೀನು ಹೋದವಳೆಂದು ನಾನು ಈಗ ಒಪ್ಪಿದ್ದೇನೆ. ದುಪಟ್ಟಾ ಒಡ್ಡಿಕೊಂಡು ನಿಲ್ಲು, ಈ ಸಲ ನಾನು ಬಾಗಿಲಲ್ಲಿ ಅಡ್ಡ ನಿಲ್ಲುವುದಿಲ್ಲ.

ನಿನ್ನ ಅಪ್ಪ